ಡಿ, ಎಚ್ ಮತ್ತು ಮುತ್ತುಗದೆಲೆ

ಹದಿನೈದು ಮನೆ ಉದ್ದ, ಹದಿನೈದು ಮನೆ ಅಗಲದ ಹಲಗೆಯ ಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಸ್ಕ್ರಾಬಲ್. ನಮ್ಮ ಚೌಕಾಬಾರದಷ್ಟು ಸಲೀಸಲ್ಲ. ಬಹಳ ಹಿಂದೆ ಒಂದು ಬೇಸಿಗೆ ರಜೆಯಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಮಕ್ಕಳು ನನ್ನನ್ನೂ ಒತ್ತಾಯದಿಂದ ಆಟಕ್ಕೆ ಕೂರಿಸಿಕೊಂಡರು. ಕನ್ನಡ ಶಾಲೆಯಲ್ಲಿ ಓದಿದವಳು ನಾನು. 'ಕ್ಯಾಟ್', 'ಡಾಗ್' ಆದ ಮೇಲೆ ನನ್ನ ಬಂಡವಾಳ ಮುಗಿಯಿತು. ಕೊನೆಗೆ ಧೈರ್ಯ ಮಾಡಿ 'ಧೋಬಿ' ಎಂದು ಇಟ್ಟೆ.

"ಅದು ಹಿಂದಿ ಅತ್ತೆ, ಇಂಗ್ಲಿಷ್ ಪದ ಇಡಬೇಕು" ಎಂದು ಒಬ್ಬ ಹುಡುಗ ನಕ್ಕ. ನಾನೂ ನಕ್ಕು ಬಿಲ್ಲೆಗಳನ್ನು ಎತ್ತಿಕೊಂಡೆ. ಆ ನಗು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಊರಿಗೆ ಬಂದು ಗ್ರಂಥಾಲಯದ ದಪ್ಪ ನಿಘಂಟು ತೆರೆದರೆ ಧೋಬಿ ಅಲ್ಲೇ ಇದ್ದ! ಲೆಕ್ಕ ಹಾಕಿದೆ: ಬಿಟ್ಟುಕೊಟ್ಟದ್ದು 11 ಅಂಕ.

ಈಗ ಅದೇ ಹುಡುಗ ಎರಡು ಮಕ್ಕಳ ತಂದೆ. ಮೊನ್ನೆ ಬಂದಾಗ ಈ ಆಟಕ್ಕೆಂದೇ ಮಾಡಿದ ಚಿಕ್ಕ ಪದಗಳ ಪಟ್ಟಿಯೊಂದನ್ನು ಕೊಟ್ಟುಹೋದ. ಒಂದೇ ಮೊದಲಕ್ಷರಗಳ ಪದಗಳೆಲ್ಲ ಒಂದೊಂದು ಗುಂಪಿನಲ್ಲಿವೆ. ಒರಟು ಅಕ್ಷರಗಳು ಕೈಗೆ ಬಿದ್ದಾಗ ಇದು ಬಹಳ ಉಪಯೋಗದ್ದು, ಒಪ್ಪುತ್ತೇನೆ. ಅಡುಗೆಮನೆಯ ಕೆಲಸದ ನಡುವೆ ಅದನ್ನು ಕಥೆ ಪುಸ್ತಕದ ಹಾಗೆ ಓದಿದೆ.

ಜಿ, ಎಚ್ ಗುಂಪಿನಲ್ಲಿ ನಮ್ಮ ಘಾಟ್, ಅದರ ಬೆನ್ನಿಗೇ ತುಪ್ಪದ 'ಘೀ'. ನಾಲ್ಕಕ್ಷರದಲ್ಲೂ ಬರೆಯಬಹುದು, ಮೂರರಲ್ಲೂ ಸರಿ. ತುಸು ಕೆಳಗೆ 'ಘೋಸ್ಟ್'. ತುಪ್ಪದ ಪಕ್ಕದಲ್ಲೇ ದೆವ್ವ! ಡಿ, ಎಚ್ ಗುಂಪಂತೂ ನಮ್ಮ ಬೀದಿಯೇ: ಧೋಬಿ, ಧೋತಿ, ಢೋಲ್, ದಾಲ್. ಹಿಂದಿಯ ದಾಲ್‌ನಲ್ಲಿ ಮಹಾಪ್ರಾಣವಿಲ್ಲ, ಆ ಎಚ್ ಇಂಗ್ಲಿಷಿನವರು ಸೇರಿಸಿದ್ದು. ಎಚ್ ಇಲ್ಲದೆ ಬರೆದರೆ 4 ಅಂಕ, ಇದ್ದರೆ 8. ಬೇಳೆ ಅದೇ, ಬೆಲೆ ಎರಡರಷ್ಟು. ಕೊನೆಯಲ್ಲಿ 'ಇ' ಇರುವ ಐದಕ್ಷರದ 'ಡೋಲ್' ಎಂದರೆ ಬಂಡೀಪುರ, ನಾಗರಹೊಳೆಗಳ ಕೆನ್ನಾಯಿ. ಈ ಪದ ಕನ್ನಡದ 'ತೋಳ'ದಿಂದ ಬಂದಿರಬಹುದೆಂದು ನಿಘಂಟುಕಾರರ ಊಹೆ.

ಇಷ್ಟೆಲ್ಲ ನಾನು ನಿಘಂಟಿನಲ್ಲಿ ಹುಡುಕಿ ತಿಳಿದದ್ದು. ಪಟ್ಟಿಯಲ್ಲಿ ಪದಗಳುಂಟು, ಅರ್ಥವಿಲ್ಲ. ನನ್ನ ತಕರಾರು ಇದೇ. ಆಟಕ್ಕೆ ಅರ್ಥ ಬೇಕಿಲ್ಲವೆನ್ನುವುದು ನಿಜ. 2015ರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ, ಆ ಭಾಷೆಯ ಪದಗಳನ್ನು ಬಾಯಿಪಾಠ ಮಾಡಿ, ಫ್ರೆಂಚ್ ಸ್ಕ್ರಾಬಲ್ಲಿನ ವಿಶ್ವ ಪ್ರಶಸ್ತಿಯನ್ನೇ ಗೆದ್ದುಬಿಟ್ಟರು. ಆ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೆ ನಾನು ಅವರಿಗೆ ತಿರುಗುಮುರುಗು. ನನ್ನಲ್ಲಿ ಅರ್ಥವಿತ್ತು, ಅದು ಪಟ್ಟಿಯಲ್ಲಿದೆಯೆಂಬ ಧೈರ್ಯವಿರಲಿಲ್ಲ.

ಅದೇ ಗುಂಪಿನಲ್ಲಿ 'ಢಾಕ್' ಎಂಬ ಪದವೊಂದಿದೆ, 12 ಅಂಕದ್ದು. ಮೊದಲು ನನಗೂ ಅದು ಬರೀ ಸದ್ದಿನ ಹಾಗೆ ಕಂಡಿತು. ಹುಡುಕಿದರೆ, ಅದು ನಮ್ಮ ಮುತ್ತುಗ! ಅಜ್ಜಿ ಮಧ್ಯಾಹ್ನವೆಲ್ಲ ಜಗುಲಿಯಲ್ಲಿ ಕುಳಿತು ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದ ಮುತ್ತುಗ. ಇಂಗ್ಲಿಷಿನ ಒಂದಕ್ಷರವೂ ಬಾರದ ಆಕೆಯ ಬೆರಳಿಗೆ ಗೊತ್ತಿದ್ದ ಎಲೆ, ಯಾರದೋ ಪಟ್ಟಿಯಲ್ಲಿ ಬರಿಯ ನಾಲ್ಕು ಬಿಲ್ಲೆಗಳಾಗಿ ಕೂತಿತ್ತು. ಪದದ ಮುಂದೆ ಒಂದೇ ಒಂದು ಮಾತು ಅಚ್ಚು ಹಾಕಿದ್ದರೆ ಪಟ್ಟಿ ನಾಲ್ಕು ಪುಟ ಹೆಚ್ಚುತ್ತಿತ್ತು, ಅಷ್ಟೆ.

ಆ ಕೆಲಸವನ್ನು ಈಗ ನಾನೇ ಮಾಡುತ್ತಿದ್ದೇನೆ. ಪೆನ್ಸಿಲಿನಿಂದ ಅಂಚಿನಲ್ಲಿ 'ಮುತ್ತುಗ' ಎಂದು ಬರೆದಾಗಿದೆ, 'ಕೆನ್ನಾಯಿ' ಎಂದೂ. ಬರುವ ರಜೆಗೆ ಹುಡುಗನ ಮಕ್ಕಳು ಬರುತ್ತಾರೆ. ಧೋಬಿಯ ಬಿಲ್ಲೆಗಳು ಕೈಗೆ ಬಂದರೆ ಇಟ್ಟೇ ಇಡುತ್ತೇನೆ, ಯಾರು ನಕ್ಕರೂ ಈ ಸಲ ಎತ್ತುವುದಿಲ್ಲ.