ಗುರುತಿನ ಪರೀಕ್ಷೆ ಮತ್ತು ಕೂಟಲೇಖ

ಅಂತರಜಾಲದ ಜೂಜಿನ ತಾಣಗಳು ಖಾತೆ ತೆರೆಯುವಾಗಲೇ ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಪರೀಕ್ಷಿಸುವುದು ಅಪ್ರಾಪ್ತರ ರಕ್ಷಣೆಗೂ ವಂಚನೆಯ ತಡೆಗೂ ಅವಶ್ಯಕ. ಬ್ರಿಟನ್ನಿನಲ್ಲಿ ಹಿಂದೆ ವಯಸ್ಸಿನ ಪರೀಕ್ಷೆಗೆ 72 ಗಂಟೆಗಳ ಅವಕಾಶವಿತ್ತು. ಹಣ ಕಟ್ಟಿಸಿಕೊಳ್ಳುವಾಗ ಕೇಳದ ದಾಖಲೆಗಳನ್ನು ಗೆದ್ದ ಹಣ ಕೊಡುವಾಗ ಕೇಳುವರೆಂಬ ದೂರುಗಳೂ ಇದ್ದವು. 2019ರ ಮೇ 7ರಿಂದ ಆಟಕ್ಕೆ ಮೊದಲೇ ಪರೀಕ್ಷೆ ಕಡ್ಡಾಯವಾಯಿತು.

ಈ ಸುಧಾರಣೆ ಶ್ಲಾಘನೀಯ, ಆದರೂ ಅಪೂರ್ಣ. ದಾಖಲೆ ಯಾರದೆಂಬುದು ಪರೀಕ್ಷೆಯಿಂದ ತಿಳಿಯುತ್ತದೆ. ಅದನ್ನು ಬಳಸಿದ ಕೈ ಯಾರದೆಂಬುದು ಸದಾ ತಿಳಿಯದು. ತಂದೆಯ ಗುರುತಿನ ಚೀಟಿಯಿಂದ ಮಗನು ಖಾತೆ ತೆರೆದರೆ ಚೀಟಿ ನಿಜ, ಹೇಳಿಕೆ ಸುಳ್ಳು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆಗೆ ಇದು ಅತಿ ಸಮೀಪ.

ಭಾರತವು 2025ರ ಕಾಯಿದೆಯಲ್ಲಿ ಹಣವೊಡ್ಡಿ ಆಡುವ ಅಂತರಜಾಲದ ಆಟಗಳನ್ನೇ ನಿಷೇಧಿಸಿತು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸುವ ಪರಂಪರೆಗೆ ಈ ನಿಲುವು ಸಮ್ಮತವೇ. ಆದರೆ ಕಾಯಿದೆಯು ತಾಣದ ಬಾಗಿಲನ್ನು ಮುಚ್ಚಬಲ್ಲದು, ಮನೆಯೊಳಗಿನ ಅಸತ್ಯವನ್ನಲ್ಲ. ತನ್ನ ಚೀಟಿಯನ್ನೂ ಮೊಬೈಲಿಗೆ ಬರುವ ಒಟಿಪಿಯನ್ನೂ ಮಕ್ಕಳಿಗೆ ವಿಚಾರಿಸದೆ ಒಪ್ಪಿಸುವ ಹಿರಿಯನು ಆ ಅಸತ್ಯದಲ್ಲಿ ಪಾಲುದಾರನೇ ಆಗುತ್ತಾನೆ. ಗುರುತಿನ ಮೊದಲ ಪರೀಕ್ಷೆ ನಡೆಯಬೇಕಾದುದು ಶ್ರಾವಕನ ಮನೆಯಲ್ಲಿ.