ನಿಸಿದಿಗಲ್ಲಿನ ಮುಂದೆ ಸಮಾಜಶಾಸ್ತ್ರದ ವಿದ್ಯಾರ್ಥಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಸಮಾಜಶಾಸ್ತ್ರದ ವಿದ್ಯಾರ್ಥಿಯು ಪದವಿಯ ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯವನ್ನರಸಿ ದೂರ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರಿಂದ ಮೊದಲ್ಗೊಂಡು ಸಮಾಧಿಮರಣದ ಶಾಸನಗಳು ಬಂಡೆಯ ಮೇಲೆಯೇ ಇವೆ. ವಿದ್ಯಾರ್ಥಿಯ ಪ್ರಬಂಧವೆಂದು ಅಲಕ್ಷಿಸುವಂತೆಯೂ ಇಲ್ಲ, ಎಂ.ಎನ್. ಶ್ರೀನಿವಾಸರು ಮೈಸೂರಿನ ವಿವಾಹ, ಕುಟುಂಬಗಳನ್ನು ಕುರಿತು 1942ರಲ್ಲಿ ಪ್ರಕಟಿಸಿದ ಗ್ರಂಥವೂ ಮೂಲತಃ ಎಂ.ಎ. ಪ್ರಬಂಧವೇ. ತೊಡಕಿರುವುದು ಪಠ್ಯದಿಂದ ಹೊತ್ತು ತರುವ ಪರಿಭಾಷೆಯಲ್ಲಿ.

ಆ ಪರಿಭಾಷೆ ಡರ್ಕ್‌ಹೈಮನದು. ಆತ್ಮಹತ್ಯೆಯನ್ನು ಕುರಿತ ತನ್ನ 1897ರ ಗ್ರಂಥದಲ್ಲಿ ಅವನು ದಕ್ಷಿಣದ ಜೈನರನ್ನೂ ಹೆಸರಿಸಿ, 'ಪರಾರ್ಥ ಆತ್ಮಹತ್ಯೆ'ಯ ವರ್ಗಕ್ಕೆ ಸೇರಿಸಿದ್ದಾನೆ. ಬೆಳಗೊಳವನ್ನು ಅವನು ಕಂಡವನಲ್ಲ. ಬಾರ್ತ್ ಎಂಬ ಫ್ರೆಂಚ್ ವಿದ್ವಾಂಸನ ಗ್ರಂಥವೇ ಅವನಿಗೆ ಆಧಾರ. ರೈಸರು ಇಲ್ಲಿನ 144 ಶಾಸನಗಳನ್ನು 1889ರಲ್ಲಿಯೇ ಅಚ್ಚು ಮಾಡಿಸಿದ್ದರು. ಆದರೆ ನನ್ನ ಮುಖ್ಯ ಆಕ್ಷೇಪ ಅದಲ್ಲ. ಸಾವು ಒದಗುವುದೆಂದು ತಿಳಿದು ಮಾಡಿದ ಕ್ರಿಯೆಯೆಲ್ಲವೂ, ಉದ್ದೇಶ ಏನೇ ಇರಲಿ, ಅವನ ಲಕ್ಷಣದಂತೆ ಆತ್ಮಹತ್ಯೆ. ತತ್ತ್ವಾರ್ಥಸೂತ್ರಕ್ಕಾದರೋ ಪ್ರಮತ್ತಯೋಗವಿಲ್ಲದೆ ಹಿಂಸೆಯೇ ಇಲ್ಲ. ಬದುಕಿನ ಆಸೆಯಂತೆಯೇ ಸಾವಿನ ಆಸೆಯನ್ನೂ ಅದು ಸಲ್ಲೇಖನದ ಅತಿಚಾರವೆಂದು ಎಣಿಸಿದೆ. ಉದ್ದೇಶವನ್ನು ಮೊದಲೇ ಹೊರಗಿಟ್ಟ ಅಳತೆಗೋಲಿನಿಂದ, ಉದ್ದೇಶವೇ ಸರ್ವಸ್ವವಾದ ವ್ರತವನ್ನು ಅಳೆಯುವುದು ಹೇಗೆ?

ಇದು ಬರಿಯ ಪದಗಳ ಜಗಳವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿತು. ಅದೇ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು.

ಹಾಗೆಂದು ಪ್ರಶ್ನೆ ಕೇಳಬಂದ ಹುಡುಗನ ಕೈಗೆ ಸ್ತುತಿಪಾಠವನ್ನಿತ್ತು ಕಳಿಸುವ ನಮ್ಮ ರೂಢಿಯೂ ಸರಿಯಲ್ಲ. ವ್ರತವನ್ನು ಬೇಡಿದವರು ಯಾರು? ಗುರುಗಳು ಪರೀಕ್ಷಿಸಿದರೆ? ಮನೆಯವರ ಒತ್ತಾಯವಿತ್ತೆ? ಸಮಂತಭದ್ರಾಚಾರ್ಯರು ಹೇಳಿದ ದುರ್ಭಿಕ್ಷ, ಮುಪ್ಪು, ವಾಸಿಯಾಗದ ರೋಗಗಳಂಥ ಸಂದರ್ಭ ನಿಜವಾಗಿ ಒದಗಿತ್ತೆ? ಇವನ್ನು ಅವನು ಕೇಳಲೇಬೇಕು, ನಾವು ಮುಚ್ಚಿಡದೆ ಹೇಳಬೇಕು. ಆದರೆ ಕೇಳುವುದು ಬಂಧುಗಳನ್ನು, ಅವರ ಅನುಮತಿ ಪಡೆದು. ವ್ರತಸ್ಥರ ಹಾಸಿಗೆಯ ಬಳಿ ಪ್ರಶ್ನಾವಳಿ ಹಿಡಿದು ಕುಳಿತರೆ ಅದು ಅದತ್ತಾದಾನವೇ ಆದೀತು: ಕೊಡದಿದ್ದುದನ್ನು ತೆಗೆದುಕೊಂಡಂತೆ. ಷ. ಶೆಟ್ಟರ್ ಅವರು 'ಇನ್ವೈಟಿಂಗ್ ಡೆತ್' ಗ್ರಂಥದಲ್ಲಿ ಇದೇ ಬೆಟ್ಟದ ಶಾಸನಗಳನ್ನು ಕೇಳಿಯೇ ಎಷ್ಟೊಂದನ್ನು ತಿಳಿದರು! ವಿದ್ಯಾರ್ಥಿ ಮೊದಲು ಅದನ್ನು ಓದಿ, ಬಳಿಕ ಬೆಟ್ಟ ಹತ್ತಲಿ. ಡರ್ಕ್‌ಹೈಮನನ್ನು ಇಳಿದು ಬಂದ ಮೇಲೆ ತೆರೆದರೂ ತಡವಾಗದು.