ತೀರ್ಪುಗಾರರ ತೀರ್ಮಾನವೇ ಅಂತಿಮ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಕರಪತ್ರ ಯಾವುದನ್ನಾದರೂ ಎತ್ತಿ ನೋಡಿ. ಮೊದಲ ಬಹುಮಾನ, ಎರಡನೇ ಬಹುಮಾನ, ಪ್ರವೇಶ ಶುಲ್ಕ ಎಲ್ಲ ಮುಗಿದ ಮೇಲೆ ಕೆಳಗಡೆ ಸಣ್ಣಕ್ಷರದಲ್ಲಿ ಒಂದು ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ. ಅದನ್ನು ಓದಿ, ಒಪ್ಪಿ, ದುಡ್ಡು ಕಟ್ಟಿ ಬಂದವರೇ ಸೋತ ರಾತ್ರಿ ಬೇರೆ ಮಾತಾಡುತ್ತಾರೆ. "ನಾವು ಸೋತಿಲ್ಲ ಕನಣ್ಣ, ಅಂಪೈರು ಸೋಲಿಸ್ದ." ಈ ಮಾತು ಕಿವಿಗೆ ಬೀಳದೆ ನಾನು ಯಾವ ಪಂದ್ಯಾವಳಿಯಿಂದಲೂ ಮನೆಗೆ ಬಂದಿಲ್ಲ. ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ.

ನಂಬಿಕೆ ಸಡಿಲಗೊಂಡದ್ದು ಹನೂರು ರಸ್ತೆಯ ಒಂದು ಊರಿನ ಸೆಮಿಫೈನಲ್‌ನಲ್ಲಿ. ನಮ್ಮ ತಂಡಕ್ಕೂ ಎದುರಾಳಿಗೂ ತಲಾ 22 ಅಂಕ. ಕೊನೆಯ ರೈಡ್‌ಗೆ ಬಂದ ಎದುರಾಳಿ ಹುಡುಗ ಬೋನಸ್ ಗೆರೆಯಾಚೆ ಕಾಲು ಚಾಚಿ ಹಿಂದೆ ಓಡಿದ. ಬೋನಸ್ ಸಿಗಬೇಕಾದರೆ ಅಂಕಣದಲ್ಲಿ ಕನಿಷ್ಠ ಆರು ಮಂದಿ ಹಿಡಿಯುವವರಿರಬೇಕು, ಒಂದು ಕಾಲು ಗೆರೆ ದಾಟಿ ನೆಲ ಮುಟ್ಟಿದ ಗಳಿಗೆಯಲ್ಲಿ ಇನ್ನೊಂದು ಕಾಲು ಮೇಲಿರಬೇಕು. ಅಂಪೈರ್ ಹೆಬ್ಬೆರಳೆತ್ತಿದರು. 23-22. ಜನ ಅಂಕಣಕ್ಕೆ ನುಗ್ಗಿದರು. ನಮ್ಮ ಹುಡುಗರು ಕಣ್ಣೀರು ಹಾಕಿದರು.

ಆ ರಾತ್ರಿ ನನ್ನ ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು, ಪ್ರತಿ ರೈಡನ್ನೂ ಬರೆದುಕೊಂಡಿದ್ದೆ. ಮನೆಗೆ ಬಂದು ತೆರೆದೆ. ವಿರಾಮದ ಹೊತ್ತಿಗೆ ನಮ್ಮವರು ಆರು ಅಂಕ ಮುಂದಿದ್ದರು. ಆಮೇಲೆ ಮೂರು ಸಲ, ಅಂಕ ತರದಿದ್ದರೆ ಔಟಾಗುವ ಡೂ ಆರ್ ಡೈ ರೈಡ್‌ಗೆ ಹೋದರು, ಮೂರರಲ್ಲೂ ಸಿಕ್ಕಿಬಿದ್ದರು. ನಾಲ್ಕು ಸಲ ಕಾರ್ನರ್‌ನ ಹುಡುಗ ಒಬ್ಬನೇ ರೈಡರ್‌ನ ಕಾಲಿಗೆ ಬಿದ್ದ. ಪಕ್ಕದವನು ಬಂದು ಸೊಂಟ ಹಿಡಿಯಬೇಕಿತ್ತು, ಬರಲಿಲ್ಲ. ರೈಡರ್ ಅವನನ್ನೂ ಎಳೆದುಕೊಂಡು ನಡುಗೆರೆ ಮುಟ್ಟಿದ. ಹೀಗೆ ಖಾಲಿಯಾಗುತ್ತಾ ಹೋಗಿ ಆಲೌಟ್, ಎದುರಾಳಿಗೆ ಮತ್ತೆರಡು ಅಂಕ. ಇಷ್ಟನ್ನೆಲ್ಲ ಕೊಟ್ಟ ಮೇಲೆ ಉಳಿದದ್ದು ಆ ಒಂದು ಬೋನಸ್. ನಾವು ಜಗಳವಾಡಿದ್ದು ಅದೊಂದಕ್ಕೇ.

ಕಬಡ್ಡಿಯಲ್ಲಿ ತಂಡ ಅನ್ನುವುದು ಬರೀ ಹುರುಪಿನ ಮಾತಲ್ಲ, ನಿಯಮದಲ್ಲೇ ಇದೆ. ಔಟಾದವನು ಬೆಂಚಿನ ಮೇಲೆ ಕೂರುತ್ತಾನೆ. ಒಳಗಿರುವವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಅವನಿಗೆ ಜೀವ. 2019ರ ಜನವರಿ 5ರಂದು ಮುಂಬೈನಲ್ಲಿ ಬೆಂಗಳೂರು ಬುಲ್ಸ್ ಫೈನಲ್‌ನಲ್ಲಿ ಗುಜರಾತ್ ತಂಡವನ್ನು ಸೋಲಿಸಿ ಪ್ರೊ ಕಬಡ್ಡಿ ಗೆದ್ದಾಗ ಎಲ್ಲರ ಬಾಯಲ್ಲೂ ಪವನ್ ಸೆಹ್ರಾವತ್ ಹೆಸರು. ಬುಲ್ಸ್‌ನ 38 ಅಂಕಗಳಲ್ಲಿ 22 ಅವನವೇ. ಆದರೆ ವಿರಾಮದಲ್ಲಿ ಗುಜರಾತ್ 16, ಬುಲ್ಸ್ 9. ಉಳಿದರ್ಧದಲ್ಲಿ ಬುಲ್ಸ್ 29 ಗಳಿಸಿ 17ನ್ನು ಮಾತ್ರ ಬಿಟ್ಟುಕೊಟ್ಟಿತು. ಔಟಾದ ಪವನ್‌ನನ್ನು ಬೆಂಚಿನಿಂದ ಎಬ್ಬಿಸುವುದು ಒಳಗೆ ಉಳಿದ ಜೊತೆಗಾರರ ಕೈಯಲ್ಲಿರುತ್ತದೆ. ಅವರ ಹೆಸರು ನಮ್ಮೂರಿನ ಹುಡುಗರಿಗೆ ನೆನಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಹಾಗಾದರೆ ಅಂಪೈರ್‌ಗಳ ಮೇಲಿನ ದೂರೆಲ್ಲ ಸೋತವರ ಸಬೂಬೇ? ಹಾಗೆ ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. 2023ರ ಅಕ್ಟೋಬರ್ 7ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಪುರುಷರ ಕಬಡ್ಡಿ ಫೈನಲ್ ನೋಡಿದವರು ಅದನ್ನು ಮರೆಯಲಾರರು. ಭಾರತ 28, ಇರಾನ್ 28, ಉಳಿದಿದ್ದದ್ದು ಒಂದು ನಿಮಿಷ ಚಿಲ್ಲರೆ. ಡೂ ಆರ್ ಡೈ ರೈಡ್‌ಗೆ ಹೋದ ಪವನ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಲಾಬಿಗೆ ಕಾಲಿಟ್ಟ, ಇರಾನಿನವರು ಅವನ ಹಿಂದೆಯೇ ಬಂದರು. ಹಳೆಯ ನಿಯಮದಂತೆ ಹಿಂದೆ ಬಂದವರೂ ಔಟ್. ಹೊಸ ನಿಯಮದಂತೆ ಪವನ್ ಒಬ್ಬನೇ ಔಟ್. ತೀರ್ಪು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಆಟಗಾರರು ಅಂಕಣದಲ್ಲೇ ಕೂತರು, ಹತ್ತಿರ ಹತ್ತಿರ ಒಂದು ಗಂಟೆ ಆಟ ನಿಂತಿತು. ಕೊನೆಗೆ 33-29, ಭಾರತಕ್ಕೆ ಚಿನ್ನ. ನಾವು ಪಟಾಕಿ ಹೊಡೆದೆವು. ನನಗೆ ಮಾತ್ರ ಆ ಚಿನ್ನ ಪೂರ್ತಿ ರುಚಿಸಲಿಲ್ಲ. ಅಲ್ಲಿ ಕಣ್ಣು ತಪ್ಪಿದ ಅಂಪೈರ್ ಯಾರೂ ಇರಲಿಲ್ಲ, ಯಾವ ನಿಯಮದಲ್ಲಿ ಆಡುತ್ತಿದ್ದೇವೆ ಎಂಬುದೇ ಎಲ್ಲರಿಗೂ ಒಂದೇ ಆಗಿರಲಿಲ್ಲ. ಅಂಥ ಫೈನಲ್‌ನಲ್ಲಿ ಗೆದ್ದವರ ಶ್ರಮಕ್ಕೂ ಮಸಿ ಹತ್ತುತ್ತದೆ. ಇನ್ನೊಂದು ಲೆಕ್ಕವೂ ಉಂಟು. ವಿರಾಮದಲ್ಲಿ 17-13 ಮುಂದಿದ್ದ ಭಾರತವನ್ನು 28-28ಕ್ಕೆ ತಂದು ನಿಲ್ಲಿಸಿದ್ದು ಇರಾನಿನ ಆಟ. ಅದೇ ಇರಾನ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ನಮ್ಮನ್ನು 27-18ರಿಂದ ಸೋಲಿಸಿದಾಗ ಅಂಪೈರ್ ಮೇಲೆ ಹಾಕಿ ತಪ್ಪಿಸಿಕೊಳ್ಳುವಷ್ಟು ಸಣ್ಣ ಅಂತರವೇ ಇರಲಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲೂ ಇದೇ ಜಗಳ. 2002ರ ಎನ್‌ಬಿಎ ಪ್ಲೇ ಆಫ್‌ನಲ್ಲಿ ಲೇಕರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ನಡುವಿನ ಏಳು ಪಂದ್ಯಗಳ ಸರಣಿಯ ಆರನೇ ಪಂದ್ಯ. ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕವು, ಕಿಂಗ್ಸ್ 106-102ರಲ್ಲಿ ಸೋತಿತು. ರೆಫರಿಗಳು ಕಿಂಗ್ಸ್‌ಗೆ ಅನ್ಯಾಯ ಮಾಡಿದರೆಂದು ಇಂದಿಗೂ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಆದರೆ ಏಳನೇ ಪಂದ್ಯ ಕಿಂಗ್ಸ್‌ನ ಸ್ವಂತ ಅಂಗಳದಲ್ಲಿತ್ತು. ಅಲ್ಲಿ ಅವರಿಗೆ ಸಿಕ್ಕ 30 ಫ್ರೀ ಥ್ರೋಗಳಲ್ಲಿ 14 ತಪ್ಪಿದವು. ಯಾರೂ ಅಡ್ಡ ಬರದ, ನಿಂತಲ್ಲಿಂದಲೇ ಎಸೆಯುವ ಎಸೆತಗಳು. ಓವರ್‌ಟೈಮ್‌ನಲ್ಲಿ ಅವರು ಸೋತದ್ದು ಆರು ಅಂಕದಿಂದ. ಈ ಎರಡು ಪಂದ್ಯಗಳನ್ನು ಜೊತೆಗಿಟ್ಟು ನೋಡದೆ ಮಾತಾಡುವವರ ವಾದ ನನಗೆ ಅರ್ಧದ್ದಾಗಿ ಕಾಣುತ್ತದೆ.

ನಮ್ಮ ಪಂದ್ಯಾವಳಿಗಳ ಬಗ್ಗೆ ನನ್ನ ತಕರಾರು ಅಂಪೈರ್‌ಗಳ ಮೇಲಲ್ಲ. ಅವರಲ್ಲಿ ಹೆಚ್ಚಿನವರು ಶಾಲೆಗಳ ಪಿ.ಟಿ. ಮೇಷ್ಟ್ರುಗಳು, ಬೆಳಗಿನ ಜಾವದವರೆಗೆ ಸೀಟಿ ಊದಿ ಎಂಟು ಗಂಟೆಗೆ ಬಸ್ ಹತ್ತುವವರು. ನನ್ನ ತಕರಾರು ಏರ್ಪಡಿಸುವವರ ಮೇಲೆ. ಸೌಂಡ್ ಸಿಸ್ಟಮ್‌ಗೆ, ಫ್ಲೆಕ್ಸ್‌ಗೆ, ಆಳೆತ್ತರದ ಟ್ರೋಫಿಗೆ ದುಡ್ಡಿದೆ. ಅಂಕಣಕ್ಕೆ ಮಾತ್ರ ಒಂದು ಸಲ ಸುಣ್ಣ ಹಾಕಿ ಬಿಡುತ್ತಾರೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ಹದಿನಾಲ್ಕು ಜೋಡಿ ಕಾಲಿಗೆ ಬೋನಸ್ ಗೆರೆ ಮಣ್ಣಲ್ಲಿ ಕಲಸಿಹೋಗಿರುತ್ತದೆ. ಆಮೇಲೆ ಅಂಪೈರ್ ತೀರ್ಪು ಕೊಡುವುದು ಗೆರೆ ನೋಡಿ ಅಲ್ಲ, ಗೆರೆ ಎಲ್ಲಿತ್ತು ಎಂಬ ನೆನಪಿನ ಮೇಲೆ. ಪಂದ್ಯಕ್ಕೆ ಮುಂಚೆ ಎರಡೂ ಕ್ಯಾಪ್ಟನ್‌ಗಳನ್ನು ಕರೆದು ಲಾಬಿಯ ನಿಯಮ ಯಾವುದು, ಬೋನಸ್ ಹೇಗೆ ಎಂದು ಮೈಕಿನಲ್ಲಿ ಓದಿಸಿದ್ದನ್ನೂ ನಾನು ಕಂಡಿದ್ದು ಕಡಿಮೆ. ಅಂತಿಮ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವವರು ಇಷ್ಟನ್ನಾದರೂ ಮಾಡಬೇಕು.

ಆ ಸೆಮಿಫೈನಲ್ ಜಗಳ ತಣ್ಣಗಾದ ಮೇಲೆ ರಾತ್ರಿ ಎರಡೂವರೆಗೆ ಒಬ್ಬ ಹುಡುಗ ಹಳೇ ಡಬ್ಬದಲ್ಲಿ ಸುಣ್ಣದ ಪುಡಿ ತಂದ. ಮೇಷ್ಟ್ರು ನಡುಗೆರೆಯಿಂದ ಟೇಪು ಹಿಡಿದು ಅಳೆದುಕೊಟ್ಟರು, ಅವನು ಬಗ್ಗಿ ಗೆರೆ ಎಳೆಯುತ್ತಾ ಹೋದ. ಸೋತ ನಮ್ಮ ಕ್ಯಾಪ್ಟನ್ ಎದ್ದುಹೋಗಿ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಹೊಸ ಗೆರೆ ಬಿದ್ದದ್ದು ಹಳೆಯದೆಂದು ನಾವೆಲ್ಲ ಅಂದುಕೊಂಡಿದ್ದ ಜಾಗಕ್ಕಿಂತ ನಾಲ್ಕು ಬೆರಳು ಹಿಂದೆ.